ಮಾವಿನ ತೋಪಿನಲ್ಲಿ ನಾನು ತಿದ್ದದೆ ಬಿಟ್ಟ ಮಾತು

ಶಾಂತಾಬಾಯಿ, ನಿಮ್ಮ ತಮ್ಮ ಸತ್ತದ್ದು ನಿಮ್ಮಿಂದಲ್ಲ. ಇದು ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ, ಕಮಲಾಪುರದ ಆ ಮಾವಿನ ತೋಪಿನಲ್ಲಿ ಹದಿನಾರು ಜನರ ನಡುವೆ ಕುಳಿತು ನೀವು ಆ ಸಾವನ್ನು ನಿಮ್ಮದೆಂದು ಒಪ್ಪಿಕೊಂಡಾಗ ನಾನು ಬಾಯಿ ಬಿಡಲಿಲ್ಲ. ಬಿಡಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮರುದಿನ ಬೆಳಿಗ್ಗೆ ಬಿಟ್ಟೆ — ಸುಳ್ಳಿಗೆ.

ನಿಮ್ಮ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ಬೇರೆ ಏನನ್ನೂ ಮುಚ್ಚಿಟ್ಟಿಲ್ಲ.

ಓದುವವರಿಗಾಗಿ ಹಿಂದಿನದನ್ನು ಹೇಳಬೇಕು. ನಾನು ಕಲಬುರಗಿಯ ಒಂದು ದಿನಪತ್ರಿಕೆಗೆ ವರದಿಗಾರನಾಗಿ ಸೇರಿ, ಉಪಸಂಪಾದಕನಾಗಿ ನಿವೃತ್ತನಾದವನು. ಅಪಘಾತ, ಬೆಂಕಿ, ಬಾವಿಗೆ ಬಿದ್ದವರು — ಮೊದಲು ಅದನ್ನು ಬರೆದೆ, ಆಮೇಲೆ ಬೇರೆಯವರು ಬರೆದದ್ದನ್ನು ತಿದ್ದಿದೆ. ನಲವತ್ತು ದಾಟಿದ ಮೇಲೆ ನನ್ನ ನಿದ್ದೆ ಹೋಯಿತು. ಗುಳಿಗೆ ನಾಟಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತಿದು. ಆಗ ನಮ್ಮ ಓಣಿಯ ಇಂದಿರಾಬಾಯಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಕಮಲಾಪುರದ ಹತ್ತಿರ ತಮ್ಮ ಅಣ್ಣನ ತೋಪಿನಲ್ಲಿ ತಿಂಗಳಿಗೊಮ್ಮೆ ಎರಡು ದಿನದ ಶಿಬಿರ ನಡೆಸುತ್ತಿದ್ದರು. ಮನಸ್ಸು ನೊಂದವರು ಬರುತ್ತಿದ್ದರು. ಪೂಜೆಯಿಲ್ಲ, ಪ್ರವಚನವಿಲ್ಲ. ಬರಿಗಾಲಲ್ಲಿ ಕೆಂಪು ಮಣ್ಣಿನ ಮೇಲೆ ನಡೆಯುವುದು, ಒಂದು ಮರ ಆರಿಸಿಕೊಂಡು ಅದರ ಕೆಳಗೆ ಹೊತ್ತು ನೆತ್ತಿಗೆ ಬರುವವರೆಗೆ ಸುಮ್ಮನೆ ಕೂರುವುದು, ಸಂಜೆ ಎಲ್ಲರೂ ಸುತ್ತಿ ಕುಳಿತಾಗ ಬೇಕಾದವರು ತಮ್ಮ ಎದೆಯ ಒಂದು ಮಾತನ್ನು ಹೊರಗೆ ಹಾಕುವುದು. ಅಷ್ಟೇ.

ನಾನು ಮೊದಲ ಸಲ ಹೋದಾಗ ಮರದ ಕೆಳಗೆ ನಿದ್ದೆ ಹೋದೆ, ಅದೂ ಹಗಲಿನಲ್ಲಿ, ಮೂರು ತಾಸು. ನಾಲ್ಕನೆಯ ಸಲ ಇಂದಿರಾಬಾಯಿ ನನ್ನನ್ನು ಜೊತೆಗೆ ನಡೆಸಲು ಕರೆದರು. ಒಂದೇ ಕರಾರು.

"ಜೋಶಿಯವರ, ಆ ಪೆನ್ನು ಮನ್ಯಾಗ ಇಟ್ಟು ಬರ್ರಿ. ನಿಮ್ಮ ಕಿಸೆ ನೋಡಿದ್ರ ಗಿಡಾನೂ ಬಾಯಿ ಮುಚ್ಚತಾವ."

ಮಾತಾಡುವವರ ಬಗ್ಗೆ ಅವರ ನಿಯಮ ಮೂರು. ಪ್ರಶ್ನೆ ಕೇಳಬಾರದು. ತಿದ್ದಬಾರದು. ಸಮಾಧಾನ ಹೇಳಬಾರದು. ತಿದ್ದುವುದೇ ಹೊಟ್ಟೆಪಾಡಾಗಿದ್ದ ನನಗೆ ಎರಡನೆಯದು ಕಷ್ಟವಾಗಬೇಕಿತ್ತು. ಆಗಲಿಲ್ಲ. ಯಾರ ಮಾತು ನಿಜ, ಯಾರದು ಅಲ್ಲ ಎಂದು ನೋಡಬೇಕಿಲ್ಲದ ಒಂದು ಜಾಗ ಭೂಮಿಯ ಮೇಲೆ ಇದೆಯಲ್ಲ ಎಂದು ನನಗೆ ಹಗುರವೇ ಆಯಿತು.

ಆಮೇಲೆ ನೀವು ಬಂದಿರಿ. ತಾಜಸುಲ್ತಾನಪುರದಿಂದ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದ ಮೂವತ್ತೊಂದು ವರ್ಷದ ಟೀಚರು. ಮಧ್ಯಾಹ್ನದವರೆಗೆ ಎಲ್ಲರಿಗೂ ನಗೆ ಹಂಚಿದಿರಿ. "ನನ್ನ ಗಿಡಕ್ಕ ಗೊದ್ದ ಭಾಳ ಅದಾವ್ರಿ, ಹೆಡ್‌ಮಾಸ್ತರಂಗ ಕುಂತಲ್ಲಿ ಕುಂದ್ರಗೊಡವಲ್ಲವು" ಎಂದು ಸೀರೆಗೆ ಹತ್ತಿದ ಇರುವೆ ಕೊಡವಿದಿರಿ. ಮೌನ ಮುಗಿಯುವ ಮುಂಚೆಯೇ ಹೇಳಿದ್ದರಿಂದ ಇಂದಿರಾಬಾಯಿ ಬೆರಳು ತೋರಿಸಿದರು. ನೀವು ಸೆರಗು ಬಾಯಿಗೆ ಹಿಡಿದಿರಿ.

ಸಂಜೆ ಆ ನಗೆ ಇರಲಿಲ್ಲ. ನೀವು ಹೇಳಿದ್ದನ್ನು ನಾನು ಬರೆದುಕೊಂಡಿಲ್ಲ. ಆದರೂ ಒಂದಕ್ಷರ ಮರೆತಿಲ್ಲ.

"ನನಗ ಒಂಬತ್ತು ವರ್ಷ, ನಮ್ಮ ಮಿಲಿಂದಗ ನಾಕು. ಅಪ್ಪ ಗಂಜಿನ್ಯಾಗ ಹಮಾಲಿ ಮಾಡ್ತಿದ್ದ, ಅವ್ವ ತೊಗರಿ ಹಸನ ಮಾಡಾಕ ಹೋಗ್ತಿದ್ಲು. ಗೋದಾಮಿನ ಬಾಗಲದಾಗ ಕುಂದ್ರಸಿ, ತಮ್ಮನ್ನ ನೋಡಿಕೋ ಅಂತ ಹೇಳಿದ್ರು. ನಾ ಬರಫ ತಿನ್ನಾಕ ಹೋದ್ನಿರಿ. ಅಂವ ನನ್ನ ಹುಡುಕೋತ ಒಳಗ ಹೋಗ್ಯಾನ. ಚೀಲದ ಥಪ್ಪಿ ಮೈಮ್ಯಾಲೆ ಬಿತ್ತು. ನಾ ಬಂದಾಗ ನನ್ನ ಕೈಯಾಗಿನ ಬರಫ ಇನ್ನಾ ಕರಗಿರಲಿಲ್ರಿ... ನಮ್ಮವ್ವ ಸಾಯೂತನಕ ನನ್ನ ಕೈಲೆ ಒಂದು ತಂಬಗಿ ನೀರು ಇಸ್ಕೊಳ್ಳಲಿಲ್ಲ."

ಆ ಗೋದಾಮು ನನಗೆ ಗೊತ್ತಿತ್ತು. ಆ ದಿನ ನಾನು ಅಲ್ಲಿದ್ದೆ.

ಅದಕ್ಕೆ ಇಪ್ಪತ್ತೆರಡು ವರ್ಷ ಹಿಂದೆ, ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಲಬುರಗಿಯ ದವಸದ ಪೇಟೆ ನೆಹರು ಗಂಜಿನಲ್ಲಿ ಥಪ್ಪಿ ಕುಸಿದು ಮಗು ಸತ್ತಿದೆ ಎಂದು ಸುದ್ದಿ ಬಂತು. ಸೈಕಲ್ ತುಳಿದುಕೊಂಡು ಹೋದೆ. ಆಳೆತ್ತರ ಮೀರಿ ಪೇರಿಸಿದ್ದ ತೊಗರಿ ಚೀಲಗಳು ಒಂದು ಬದಿಗೆ ಜಾರಿ ಬಿದ್ದಿದ್ದವು. ಗೋದಾಮಿನ ಮೆಟ್ಟಿಲ ಮೇಲೆ ಹೆಗಲಿಗೆ ಗೋಣಿ ಹಾಕಿಕೊಂಡ ಒಬ್ಬ ಹಮಾಲ ಕುಳಿತಿದ್ದ. ಅದು ನಿಮ್ಮ ಅಪ್ಪ. ನಾನು ಕೇಳಿದೆ, ಅವರು ಹೇಳಿದರು: "ಬಾಗಲದಾಗ ಅಳಾಕತ್ತಿತ್ರಿ. ಬಿಸಲು ಭಾಳ ಇತ್ತು. ನಾನೇ ಎತ್ತಿಕೊಂಡು ಬಂದು ಥಪ್ಪಿ ನೆಳ್ಳಾಗ ಮಲಗಿಸಿದ್ನಿ." ಪಕ್ಕದಲ್ಲಿದ್ದ ಇನ್ನೊಬ್ಬ ಹಮಾಲನನ್ನೂ ಕೇಳಿದೆ. ಅವನೂ ಅದನ್ನೇ ಹೇಳಿದ. ಇಬ್ಬರ ಬಾಯಿಂದ ಖಚಿತವಾಗದೆ ಬರೆಯಬಾರದು ಎಂದು ನನಗೆ ಕಲಿಸಿದ್ದರು. ಮರುದಿನ ನಾಲ್ಕು ಸಾಲು ಅಚ್ಚಾಯಿತು. ಕೊನೆಯ ಸಾಲು: ಬಿಸಿಲೆಂದು ತಂದೆಯೇ ಮಗುವನ್ನು ಚೀಲಗಳ ನೆರಳಿನಲ್ಲಿ ಮಲಗಿಸಿದ್ದರು.

ನಿಮ್ಮ ಮನೆಯಲ್ಲಿ ಪೇಪರು ಓದುವವರು ಯಾರೂ ಇರಲಿಲ್ಲ. ಮಗು ಒಳಗೆ ಹೇಗೆ ಬಂತು ಎಂದು ನಿಮ್ಮ ಅವ್ವ ಕೇಳಿದಾಗ ಅಪ್ಪ ಏನೂ ಹೇಳಿರಲಾರರು. ಆ ಮೌನದ ಜಾಗಕ್ಕೆ ನೀವು ನಿಮ್ಮನ್ನು ತಂದು ಕೂರಿಸಿಕೊಂಡಿರಿ — ಒಂಬತ್ತು ವರ್ಷದ ಹುಡುಗಿ.

ಇದನ್ನು ಆ ಸಂಜೆಯೇ ಹೇಳಬಹುದಿತ್ತು. ವರ್ತುಲ ಚದುರಿದ ಮೇಲೆ, ಬದಿಗೆ ಕರೆದು. ಆದರೆ ಆ ರಾತ್ರಿ ನೀವು ಚಾಪೆಗೆ ತಲೆ ಇಟ್ಟವರೇ ಮಲಗಿಬಿಟ್ಟಿರಿ. "ಹೊರಿ ಇಳಿಸಿದಂಗ ಮಲಗ್ಯಾಳ ನೋಡ್ರಿ" ಎಂದರು ಇಂದಿರಾಬಾಯಿ. ನಾನು ಅಂದುಕೊಂಡೆ — ಏನಂದುಕೊಂಡೆ? ಇಷ್ಟು ವರ್ಷದ ಮೇಲೆ ಅದನ್ನು ಸರಿಯಾಗಿ ಹೇಳಲಾರೆ. ಈಗಷ್ಟೇ ಸಿಕ್ಕ ನಿದ್ದೆಯನ್ನು ಕೆಡಿಸಬಾರದು ಎಂದೇ? ನೀವು ಇದ್ದೊಬ್ಬ ಅಪ್ಪನನ್ನೂ ಕಳೆದುಕೊಳ್ಳಬಾರದು ಎಂದೇ? ಅಥವಾ ನಮ್ಮ ಶಿಬಿರದಲ್ಲಿ ಕಣ್ಣೆದುರೇ ಒಬ್ಬರು ಗುಣವಾದರು ಎಂಬ ಖುಷಿಯನ್ನು ನಾನೇ ಕೆಡಿಸಿಕೊಳ್ಳಲಾರದೆ... ಮೂರೂ ಇದ್ದವು. ಯಾವುದು ಎಷ್ಟಿತ್ತು ಎಂದು ಬೇರ್ಪಡಿಸಲು ಹೋದಷ್ಟೂ ಕಲಸಿಹೋಗುತ್ತದೆ.

ಬೆಳಿಗ್ಗೆ ನಿಮ್ಮ ಮರದ ಕೆಳಗೆ ನೀವೇ ನನ್ನನ್ನು ಕರೆದಿರಿ. ಕಾಲಿನ ಕೆಂಪು ಮಣ್ಣು ಝಾಡಿಸುತ್ತ ಹೇಳಿದಿರಿ: "ನಮ್ಮ ಶಾಲಿಯವರೊಬ್ರು ಕೇಳ್ಯಾರ್ರಿ ಸರ, ಲಗ್ನಕ್ಕ. ಬೀದರ ಕಡೆಯವರು, ಛಲೋ ಮನಶ್ಯಾ. ಒಲ್ಲೆ ಅನ್ನಬೇಕಂತ ಮಾಡೀನಿ. ಅಪ್ಪನ ಮಗನ್ನ ನಾ ಕಳದೀನಿ, ಮಗನಂಗ ನಾನೇ ಇರಬೇಕು. ನಿನ್ನೆ ಹೇಳಿದ ಮ್ಯಾಲೆ ಮನಸು ಗಟ್ಟಿ ಆಗೇದ. ನೀವ ಹೇಳ್ರಿ, ಸರಿ ಅದನ?"

ನಾನು ಹೇಳಿದ್ದು ಇಷ್ಟು: "ತಪ್ಪು ಒಪ್ಪಿಕೊಂಡವರು ಹಗುರ ಆಗ್ತಾರ, ಶಾಂತಾಬಾಯಿ. ನಿಮ್ಮ ಮನಸು ಹೇಳಿದಂಗ ಮಾಡ್ರಿ."

ಮೂರು ನಿಯಮಗಳಲ್ಲಿ ತಿದ್ದಬಾರದು ಎಂಬುದನ್ನು ಉಳಿಸಿಕೊಂಡು, ಸಮಾಧಾನ ಹೇಳಬಾರದು ಎಂಬುದನ್ನು ಮುರಿದೆ. ನಿಮ್ಮದಲ್ಲದ ತಪ್ಪಿಗೆ ನಿಮ್ಮದೆಂದು ಮೊಹರು ಹಾಕಿದೆ. ನೀವು ನಕ್ಕಿರಿ. ಅಷ್ಟು ನಿರಾಳವಾದ ನಗೆಯನ್ನು ನಾನು ಅದಕ್ಕಿಂತ ಮೊದಲು ಯಾರ ಮುಖದಲ್ಲೂ ಕಂಡಿರಲಿಲ್ಲ. ಆ ನಗೆಯೇ ನನ್ನನ್ನು ಇವತ್ತಿಗೂ ಗೊಂದಲದಲ್ಲಿ ಇಟ್ಟಿದೆ.

ಎರಡು ತಿಂಗಳ ಬಳಿಕ, ಒಂದು ಭಾನುವಾರ, ತಾಜಸುಲ್ತಾನಪುರಕ್ಕೆ ಬಂದೆ. ಹೇಳಲೆಂದೇ ಬಂದಿದ್ದೆ. ನೀವು ಚಹಾ ಕುದಿಸಲು ಒಳಗೆ ಹೋದಿರಿ. ಅಂಗಳದ ಹೊರಸಿನ ಮೇಲಿದ್ದ ನಿಮ್ಮ ಅಪ್ಪ ನನ್ನನ್ನೇ ದಿಟ್ಟಿಸಿದರು.

"ಸಾಹೇಬ್ರ, ನಿಮ್ಮ ಗುರ್ತು ಹತ್ತೇದ. ಅವತ್ತು ಗಂಜಿನ್ಯಾಗ ಬರಕೊಂಡ್ರಿ, ನೀವೇ ಅಲ್ಲೇನು?"

"ಹೌದು."

"ಆಕಿಗೆ ಹೇಳಾಕ ಬಂದೀರಿ." ಅವರು ದನಿ ತಗ್ಗಿಸಿದರು. "ಹೇಳಬ್ಯಾಡ್ರಿ. ಆಕಿ ಹ್ವಾದ್ರ ನನಗ ರೊಟ್ಟಿ ಬಡದು ಹಾಕಾವ್ರು ಯಾರದಾರ? ನಾ ಒಂದಿನಾನೂ ಆಕೀನ ಬೈದಿಲ್ರಿ. ಒಂದಿನಾನೂ."

ಅಷ್ಟರಲ್ಲಿ ನೀವು ಬಂದಿರಿ. "ಸಕ್ರಿ ಜಾಸ್ತಿ ಆಗಿದ್ರ ಅಪ್ಪನ್ನ ಬೈರಿ ಸರ. ಅವರ ಕಾಟಕ್ಕ ನಮ್ಮನ್ಯಾಗ ಚಾ ಅಂದ್ರ ಪಾಕ. ಏನ್ ಮಾತಾಡಾಕತ್ತೀರಿ ಇಬ್ರೂ?"

"ತೊಗರಿ ರೇಟಿನ ಮಾತು" ಎಂದೆ. ನಾನೇ ಎಂದೆ, ಅವರಲ್ಲ.

ಚಹಾ ಕುಡಿದು ಬಂದೆ. ಬೀದರಿನವರಿಗೆ ನೀವು ಒಲ್ಲೆ ಅಂದದ್ದು, ಅವರು ಮರುವರ್ಷ ವರ್ಗ ಮಾಡಿಸಿಕೊಂಡು ಹೋದದ್ದು ಆಮೇಲೆ ತಿಳಿಯಿತು. ಅದಾದ ಮೇಲೂ ಎರಡು ವರ್ಷ ತೋಪಿಗೆ ಹೋದೆ. ಇನ್ನೂ ಹೇಳಬೇಕು, ಇದನ್ನು ಬಿಡುವಂತಿಲ್ಲ: ಹೊಸಬರು ಬಾಯಿ ಬಿಡಲು ಹಿಂಜರಿದಾಗ ಹೆಸರು ಹೇಳದೆ ನಿಮ್ಮ ಕಥೆಯನ್ನೇ ಹೇಳುತ್ತಿದ್ದೆ. 'ಒಬ್ಬ ಟೀಚರು ಇಲ್ಲಿ ತಮ್ಮ ತಪ್ಪು ಒಪ್ಪಿಕೊಂಡು ಹಗುರಾದರು' ಎಂದು. ಕೇಳಿದವರು ಅಳುತ್ತಿದ್ದರು. ಇಂದಿರಾಬಾಯಿಯ ಕಾಲು ಸೋತು ಶಿಬಿರ ನಿಂತಾಗ ಮಾತ್ರ ಅದೂ ನಿಂತಿತು. ಅವರಿಗೂ ನಾನು ನಿಜ ಹೇಳಲಿಲ್ಲ. ಈಗ ಅವರಿಲ್ಲ.

ನಿಮ್ಮ ಅಪ್ಪ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಆಗಲೂ ಏಳು ತಿಂಗಳು ತಡೆದೆ. ಕಳೆದ ತಿಂಗಳು, ಮೊದಲ ವರ್ಷದ ವರದಿಗಳನ್ನು ಕತ್ತರಿಸಿ ಅಂಟಿಸಿಟ್ಟಿದ್ದ ನೋಟುಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು ನಿಮ್ಮ ಮನೆಗೆ ಬಂದೆ. ಆ ದಿನ ಮೆಟ್ಟಿಲ ಮೇಲೆ ಕುಳಿತು ನಿಮ್ಮ ಅಪ್ಪ ಹೇಳಿದ್ದನ್ನು ಹೇಳಿ, ಪುಟ ತೆರೆದು ಕೊಟ್ಟೆ. ನೀವು ನಿಂತೇ ಓದಿದಿರಿ, ಮಕ್ಕಳು ಬರೆದ ಪಾಟಿ ನೋಡುವ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟು.

"ತೋಪಿನ್ಯಾಗ ಕುಂತಾಗ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಇಲ್ಲಿ ಚಾ ಕುಡದಾಗ?"

"ಆಗಲೂ."

ಆಮೇಲೆ ಕೇಳಿದ್ದು ನಾನು ಎಣಿಸದ್ದು. "ಅವತ್ತು ಮೆಟ್ಟಲ ಮ್ಯಾಲೆ ಕುಂತಿದ್ದ ಅಂದ್ರಲ್ಲ ಅಪ್ಪ... ಅಳಾಕತ್ತಿದ್ನೇನ್ರಿ?"

ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಮತ್ತೊಮ್ಮೆ ಸಮಾಧಾನ ಹೇಳಿಬಿಡಬಹುದಿತ್ತು. "ಬರೆದುಕೊಂಡಿಲ್ಲ. ನನಗೆ ನೆನಪಿಲ್ಲ" ಎಂದೆ. ಸುಳ್ಳು ಸಮಾಧಾನ ಕೈಯಲ್ಲಿದ್ದೂ ನಿಮಗೆ ನಾನು ಹೇಳಿದ ಮೊದಲ ನಿಜದ ಮಾತು ಬಹುಶಃ ಅದೇ. ಅದರಿಂದ ನಿಮಗೆ ಏನೂ ಸಿಗಲಿಲ್ಲ.

ಇದನ್ನೆಲ್ಲ ಬರೆಯಲೇ ಎಂದು ಬಾಗಿಲಲ್ಲಿ ಕೇಳಿದೆ.

"ಬರೀರಿ. ನಿಮ್ಮ ಶಿಬಿರಕ್ಕ ಬಂದು ಹ್ವಾದವರು ಓದ್ಲಿ. ಆದ್ರ ಆಕಿ ಕ್ಷಮಾ ಮಾಡ್ಯಾಳ ಅಂತ ಮಾತ್ರ ಬರೀಬ್ಯಾಡ್ರಿ ಸರ. ಯಾರನ್ನ ಮಾಡಬೇಕು, ಯಾರನ್ನ ಬಿಡಬೇಕು, ನನಗ ಇನ್ನಾ ತಿಳಿವಲ್ದು."

ಬರೆದಿಲ್ಲ. ನೋಟುಬುಕ್ಕನ್ನು ನೀವು ತಿರುಗಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ನಾಲ್ಕು ಸಾಲು ಈಗ ನಿಮ್ಮ ಮನೆಯಲ್ಲಿವೆ. ಮೊದಲ ದಿನವೇ ಅವು ಅಲ್ಲಿಗೆ ಬರಬೇಕಿತ್ತು.