ಬಂಡೆಯ ನೀರು, ಮೇಲ್ಹೊಲದ ಮಾವ

ಹೋದ ವಾರ ಕುದೂರಿನಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಒಬ್ಬರು ನೆನೆದ ಗೋಣಿಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ಹೊರಗೆ ಕಾರ್ತಿಕದ ಜಡಿಮಳೆ, ಕಿಟಕಿಯೆಲ್ಲ ಮುಚ್ಚಿತ್ತು. ಆ ಗೋಣಿಯ ವಾಸನೆ... ಒದ್ದೆ ನಾರು, ಸ್ವಲ್ಪ ಹಿಂಡಿ, ಸ್ವಲ್ಪ ಬೀಡಿ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ. ನನಗೆ ಮಾತ್ರ ನಮ್ಮ ಮೇಲ್ಹೊಲದ ಮಾವನೇ ಬಂದು ಕೂತ ಹಾಗಾಯಿತು.

ಮಾವ ಎಂದರೆ ನೆಂಟರಲ್ಲ. ನಮ್ಮ ಹೊಲದ ಮೇಲುಗಡೆಯ ಹೊಲ ಅವರದು, ಅದರ ಮೇಲೆ ಬರೀ ಬಂಡೆ. ನಾನು ಮದುವೆಯಾಗಿ ಈ ಮಾಗಡಿ ಸೀಮೆಗೆ ಬಂದ ಹೊಸದರಲ್ಲೇ ಅತ್ತೆ ಹೇಳಿಬಿಟ್ಟಿದ್ದರು: "ಮೇಲ್ಹೊಲ್ದೋರ ಜೊತೆ ನಾವು ಮಾತು ಬುಟ್ಟೀವಿ. ನೀನು ಬೇಕಾದ್ರೆ ಆಡ್ಕೋ, ನನ್ ಮುಂದೆ ಮಾತ್ರ ಬ್ಯಾಡ." ಯಾವುದೋ ವರ್ಷ ಮಳೆಗೆ ಅವರ ಬದು ಒಡೆದು ನಮ್ಮ ಹುರುಳಿ ಕೊಚ್ಚಿಹೋಗಿತ್ತಂತೆ. ಬೇಕಂತಲೇ ಒಡೆದರು ಎಂದು ಅತ್ತೆ, ತಾನಾಗೇ ಒಡೆಯಿತು ಎಂದು ಮಾವ. ನಾನು ಬರುವ ಹೊತ್ತಿಗೆ ಆ ಹುರುಳಿಯೂ ಇರಲಿಲ್ಲ, ಆ ಬದುವೂ ಇರಲಿಲ್ಲ, ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು.

ಮಾತು ಬಿಟ್ಟರೂ ಹೇಳಬೇಕಾದ್ದನ್ನು ಹೇಳದೆ ಬೇಸಾಯ ನಡೆಯುತ್ತದೆಯೇ? ಅತ್ತೆ ನಮ್ಮ ಹಸುವಿಗೆ ಹೇಳುತ್ತಿದ್ದರು, ಮೇಲಿನ ಹೊಲಕ್ಕೆ ಕೇಳುವಷ್ಟು ಜೋರಾಗಿ. "ಗೌರೀ, ಕೆಲವ್ರಿಗೆ ಕಾಲ್ವೆ ತೆಗಿಯಾಕೆ ಮೈ ಬಗ್ಗಾಕಿಲ್ಲ ಕಣೆ. ದಸರಾ ಕಳ್ದು ಎಷ್ಟು ದಿನ ಆಯ್ತು!" ಮಾವ ಅಲ್ಲಿಂದ ತಮ್ಮ ಎತ್ತಿಗೆ: "ಬಸವಾ, ತೆಗಿತೀವಿ ಅಂತ ಯೋಳ್ಲಾ. ಒಸಿ ತಡ್ಕೊಂಡ್ರೆ ಗಂಟೇನೂ ಹೋಗಾಕಿಲ್ಲ ಅಂತ ಯೋಳ್ಲಾ." ಎತ್ತು ಮೆಲುಕು ಹಾಕುತ್ತಾ ನಿಂತಿರುತ್ತಿತ್ತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದೆ.

ಆ ಕಾಲುವೆಯೇ ನಮ್ಮಿಬ್ಬರ ಹೊಲಕ್ಕೂ ಕಾವಲು. ಮುಂಗಾರಿನಲ್ಲಿ ಮಣ್ಣು ಬಾಯಾರಿರುತ್ತದೆ, ಬಂದ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ಚಳಿಗಾಲದ ಸೈಕ್ಲೋನ್ ಮಳೆ ಹಾಗಲ್ಲ. ನೆಲದ ಹೊಟ್ಟೆ ಆಗಲೇ ತುಂಬಿರುತ್ತದೆ, ಬಂಡೆಯ ಮೇಲೆ ಬಿದ್ದದ್ದೆಲ್ಲ ಜಾರಿಕೊಂಡು ಕೆಳಗೇ ಬರುತ್ತದೆ. ಆ ನೀರನ್ನು ಬಂಡೆಯ ಬುಡದಲ್ಲೇ ಹಿಡಿದು, ಮಾವನ ಹೊಲದ ನೆತ್ತಿಯ ಮೇಲೆ ಹಾಯಿಸಿ, ನಮ್ಮ ರೇಷ್ಮೆ ಹುಳದ ಮನೆಯ ಮೇಲುಗಡೆ ತಿರುಗಿಸಿ ಹಳ್ಳಕ್ಕೆ ಬಿಡುವ ಕಾಲುವೆ ಅದು. ಅಂಚಿಗೆಲ್ಲ ಕತ್ತಾಳೆ ನೆಟ್ಟಿದ್ದರು. ಇಳಿಜಾರು ತೀರಾ ಕಮ್ಮಿ. ಯಾಕೆ ಮಾವ ಎಂದು ಕೇಳಿದರೆ, "ನೀರ್ನ ಓಡುಸ್ಬಾರ್ದು ಕಣವ್ವ, ನಡುಸ್ಕೊಂಡು ಹೋಗ್ಬೇಕು. ಓಡುದ್ರೆ ಮಣ್ಣೂ ಎತ್ಕೊಂಡು ಹೋಯ್ತದೆ" ಎನ್ನುತ್ತಿದ್ದರು.

ಮದುವೆಯಾಗಿ ಬಂದು ಒಂದೆರಡು ವರ್ಷವಾಗಿತ್ತು, ನಾನು ನಾನಾಗಿಯೇ ರೇಷ್ಮೆ ಹುಳ ಮೇಯಿಸಿದ್ದು ಅದೇ ಮೊದಲು. "ಪಟ್ಟಣದ ಕಡೆಯೋಳು, ಇವ್ಳ ಕೈಲಿ ಆಯ್ತದಾ?" ಎಂದು ಬೀದಿಯವರೆಲ್ಲ ನಕ್ಕಿದ್ದರು. ನಿದ್ದೆಗೆಟ್ಟು ಸೊಪ್ಪು ಹಾಕಿದ್ದೆ. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿದ್ದವು. ಆಗ ಹಿಡಿಯಿತು ನೋಡಿ ಮಳೆ! ಗೂಡು ಕಟ್ಟುವಾಗ ಒದ್ದೆ ತಾಗಿತೆಂದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ. ನಮ್ಮದೋ ಮಣ್ಣುಗೋಡೆಯ ಹುಳದ ಮನೆ. ಗಂಡನೂ ಆಗ ಊರಲ್ಲಿರಲಿಲ್ಲ.

ಬೆಳಿಗ್ಗೆ ಮೇಲಿನಿಂದ ದಡದಡ ಸದ್ದು ಬಂತು. ಗುಂಡುಕಲ್ಲೊಂದು ಪೊದೆಯ ಸಮೇತ ಜಾರಿ, ಕಾಲುವೆ ತಿರುಗುವ ಕಡೆಯೇ ಬಿದ್ದು ಮುಚ್ಚಿಕೊಂಡಿತ್ತು. ನೀರು ಏರಿ ದಾಟಿ ನೇರವಾಗಿ ಹುಳದ ಮನೆಯ ಮೇಲೇ ಬರುತ್ತಿತ್ತು. ನಾನೂ ಅತ್ತೆಯೂ ಕಲ್ಲು, ಮಣ್ಣು, ಹುಲ್ಲಿನ ಕಂತೆ ಕೈಗೆ ಸಿಕ್ಕಿದ್ದನ್ನೆಲ್ಲ ಅಡ್ಡ ಒಡ್ಡಿದೆವು. ಗೋಡೆಯ ಬುಡ ಮೆತ್ತಗಾಗತೊಡಗಿತು. ನಾನು ಕೈಚೆಲ್ಲಿ ಗೊಳೋ ಎಂದು ಅತ್ತುಬಿಟ್ಟೆ.

ಇದ್ದಕ್ಕಿದ್ದ ಹಾಗೆ ನೀರು ಇಳಿಯಿತು. ತಲೆಯೆತ್ತಿ ನೋಡಿದರೆ ಮಾವ ಗೋಣಿಚೀಲ ಕವುಚಿಕೊಂಡು, ಹಾರೆ ಹಿಡಿದು, ತಮ್ಮ ಹೊಲದ ನೆತ್ತಿಯಲ್ಲೇ ಕಾಲುವೆಯ ಏರಿಯನ್ನು ಕಡಿಯುತ್ತಿದ್ದರು. ಬಂಡೆಯ ನೀರೆಲ್ಲ ಅವರ ಹೊಲಕ್ಕೆ ತಿರುಗಿ, ಓರೆಯಾಗಿ ಆಚೆಯ ಹಳ್ಳದ ಕಡೆಗೆ ಇಳಿಯಿತು. ಅಲ್ಲಿ ಕೊಯ್ದ ರಾಗಿ ಒಣಗಲು ಬಿದ್ದಿತ್ತು. ಕಣ್ಣೆದುರಿಗೇ ಅದು ತೇಲಿಕೊಂಡು ಹೋಗಿ ಹಳ್ಳದ ಪಾಲಾಯಿತು.

ನಾನು ಓಡಿದೆ. "ಮಾವ, ನಿಮ್ ರಾಗಿ..." ಎಂದೆ.

"ಅದು ಕುಯ್ದಿದ್ ರಾಗಿ ಕಣವ್ವ, ಅದ್ರ ಜೀವ ಹೋಗಾಗೈತೆ. ನಿನ್ ಹುಳಕ್ಕೆ ಇನ್ನೂ ಜೀವ ಐತೆ. ಹೋಗು, ಬಾಗ್ಲು ನೋಡ್ಹೋಗು" ಎಂದರು. ಕಣ್ಣು ಮಾತ್ರ ರಾಗಿ ತೇಲಿಹೋದ ಹಳ್ಳದ ಕಡೆಗೇ ಇತ್ತು. ವರ್ಷದ ಅನ್ನ ಅಲ್ಲವೇ...

ಹುಳ ಉಳಿದು ಗೂಡು ಕಟ್ಟಿದವು. ಅತ್ತೆ ಮಾತ್ರ ಮಾವನಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಆದರೆ ನಮ್ಮ ರಾಗಿ ಬಡಿದಾದ ಮೇಲೆ, ಮಾವ ಊಟಕ್ಕೆ ಹೋದ ಸಮಯ ನೋಡಿ, ನನ್ನ ತಲೆಗೊಂದು ತಮ್ಮ ತಲೆಗೊಂದು ಮೂಟೆ ಹೊರಿಸಿಕೊಂಡು ಹೋಗಿ ಅವರ ಕಣದಲ್ಲಿ ಇಳಿಸಿದರು. ಮಧ್ಯಾಹ್ನ ಮೇಲಿನಿಂದ ಕೂಗು ಬಂತು: "ಬಸವಾ, ಯಾರ್ದೋ ರಾಗಿ ನಮ್ ಕಣಕ್ಕೆ ಬಂದ್ಬುಟ್ಟೈತೆ, ತಗೊಂಡೋಗಾಕೇಳ್ಲಾ!" ಅತ್ತೆ ಹಸುವಿನ ಕಡೆ ತಿರುಗಿ, "ಗೌರೀ, ಮಳೇಲಿ ತೇಲ್ಕೊಂಡು ಬಂದಿರ್ಬೇಕು ಅಂತ ಯೋಳೆ" ಎಂದರು. ರಾಗಿ ಮೂಟೆ ಗುಡ್ಡ ಹತ್ತಿಕೊಂಡು ತೇಲಿದ್ದನ್ನು ಯಾರು ಕಂಡಿದ್ದಾರೆ, ಹೇಳಿ! ಮೂಟೆಗಳು ಮಾತ್ರ ವಾಪಸು ಬರಲಿಲ್ಲ.

ಇನ್ನಾದರೂ ಮಾತಾಡುತ್ತಾರೆ ಎಂದುಕೊಂಡೆ. ಊಹೂಂ. ರಾಜಿ ಮಾಡಿಸಲು ಹೋಗಿ ಇಬ್ಬರ ಕೈಲೂ ಬೈಸಿಕೊಂಡೆ. ಹಸು ಬದಲಾಯಿತು, ಎತ್ತು ಬದಲಾಯಿತು, ಇವರ ಹಟ ಬದಲಾಗಲಿಲ್ಲ. ಅಷ್ಟು ವರ್ಷ ಪ್ರತಿ ದಸರಾ ಕಳೆಯುತ್ತಲೇ ಮಾವ ಕಾಲುವೆ ತೆಗೆದರು, ಅತ್ತೆ ಕೆಳಗೆ ನಿಂತು ಕೊಂಕು ತೆಗೆದರು.

ಒಂದು ಬೇಸಿಗೆಯಲ್ಲಿ ಮಾವ ಹೋಗಿಬಿಟ್ಟರು. ಅತ್ತೆ ಹೋಗಿ ಅಂಗಳದ ಅಂಚಿನಲ್ಲಿ ನಿಂತು ನೋಡಿಕೊಂಡು ಬಂದರು, ಒಂದು ತೊಟ್ಟು ಕಣ್ಣೀರಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ಆ ರಾತ್ರಿ ಅವರಿಗೆ ಊಟಕ್ಕೆ ಬಡಿಸುವಾಗ ತಟ್ಟೆಯನ್ನು ಕುಕ್ಕಿಯೇ ಇಟ್ಟೆ.

ಆಮೇಲೆ ಕಾರ್ತಿಕ ಬಂತು, ಮಳೆಯೂ ಬಂತು. ಕಾಲುವೆಯನ್ನು ಯಾರೂ ತೆಗೆದಿರಲಿಲ್ಲ. ಅತ್ತೆ ಕೋಲೂರಿಕೊಂಡು ಹೊರಟರು. ನಾನು ಹಿಂದೆಯೇ ಹೋದೆ. ಬದುವಿನ ಮೇಲೆ ನಿಂತು, ಆ ಖಾಲಿ ಹೊಲಕ್ಕೆ ಮುಖ ಮಾಡಿ ಕೂಗಿದರು: "ಅಣ್ಣಾ... ಕಾಲ್ವೆ ಕಟ್ಕೊಂಡೈತೆ, ಬಾರಣ್ಣಾ!"

ಅವರ ಬಾಯಲ್ಲಿ ಆ 'ಅಣ್ಣಾ' ಎನ್ನುವ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಮಳೆಯಲ್ಲೇ ಕುಸಿದು ಕೂತರು. "ನಾನೇ ಮೊದ್ಲು ಮಾತಾಡ್ಬೌದಿತ್ತು ಕಣೆ. ಹುರುಳಿ ಏನ್ ಮಹಾ... ಮಾತಾಡ್ಬೌದಿತ್ತು" ಎಂದು ಬಿಕ್ಕಿ ಬಿಕ್ಕಿ ಅತ್ತರು. ನನಗೂ ಅಳು ಬಂತು. ಇಬ್ಬರೂ ನೆನೆದುಕೊಂಡೇ ಇಳಿದು ಬಂದೆವು.

ಮಾವನ ಮಗ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ "ಭಾನ್ವಾರ ಬತ್ತೀನಿ ಅಕ್ಕ" ಎನ್ನುತ್ತಾನೆ, ಬಂದೂ ಬರುತ್ತಾನೆ, ಒಳ್ಳೆಯವನು. ನೀರು ಭಾನುವಾರಕ್ಕೆ ಕಾಯುವುದಿಲ್ಲವಲ್ಲ, ಅದಕ್ಕೇ ಕಾಲುವೆಯನ್ನು ಈಗ ನಾನೇ ತೆಗೆಯುತ್ತೇನೆ. ಈ ವರ್ಷವೂ ತೆಗೆದೆ. ನಡು ಹಿಡಿದುಕೊಂಡು ಎದ್ದು ನಿಂತಾಗ ಮೇಲಿನಿಂದಲೋ ಕೆಳಗಿನಿಂದಲೋ ಒಂದು ಕೊಂಕು ಮಾತಾದರೂ ಬರಬಾರದೇ ಎನ್ನಿಸಿತು. ಮಾವ ಇಲ್ಲ. ಹೋದ ವರ್ಷದಿಂದ ಅತ್ತೆಯೂ ಇಲ್ಲ.