ಎಡೆಗೆ ಇಡದ ಜೊಲ್‌ಭರಾ

ಅಮ್ಮನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಎರಡು ಬೆರಳು ತೆಗೆಸಿದ ಮೇಲಂತೂ ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಸಿಹಿಯ ವಿಷಯಕ್ಕೆ ನಾನೇ ಪೊಲೀಸು. ಬೆಲ್ಲದ ಡಬ್ಬಿಯನ್ನೂ ಬೀರುವಿನಲ್ಲಿಟ್ಟಿದ್ದೆ. ಹಾಗಾಗಿ ಮಹಡಿಯಲ್ಲಿ ಬಾಡಿಗೆಗಿದ್ದ ಬಂಗಾಳಿ ಆಂಟಿ ಅಮ್ಮನನ್ನು ನೋಡಲು ಬರುವಾಗ ಮಿಠಾಯಿ ತರುತ್ತಿರಲಿಲ್ಲ, ಮಿಠಾಯಿಗಳ ಕಥೆ ತರುತ್ತಿದ್ದರು.

ಅವರ ಕಡೆ ಹಿಂದೆ ನೆಂಟರಿಗೆ ಸುದ್ದಿ ಮುಟ್ಟಿಸಲು ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲವಂತೆ. ಒಯ್ದ ಸಿಹಿಗೇ ಸಂದೇಶ್ ಎಂದು ಹೆಸರಾಯಿತಂತೆ. ಲೆಂಗ್ಚಾ ಎನ್ನುವ ಇನ್ನೊಂದು ಮಿಠಾಯಿಗೆ ಆ ಹೆಸರು ಬಂದದ್ದು ಅದನ್ನು ಮಾಡಿದವನು ಕುಂಟನಾಗಿದ್ದರಿಂದ. "ಹಂಗಾದ್ರೆ ಅವ್ನು ನಮ್ಮ ಕಡೆಯೋನೇ ಬಿಡಿ," ಎಂದು ಅಮ್ಮ ಬ್ಯಾಂಡೇಜಿನ ಕಾಲು ತೋರಿಸಿ ನಕ್ಕಿದ್ದಳು. ಅವಳಿಗೆ ತುಂಬಾ ಹಿಡಿಸಿದ್ದು ಜೊಲ್‌ಭರಾ, ಅಂದರೆ ನೀರು ತುಂಬಿದ್ದು. ಹೊಸ ಅಳಿಯನನ್ನು ಬೇಸ್ತು ಬೀಳಿಸಲು ಯಾರೋ ಜಮೀನ್ದಾರರು ಸಂದೇಶ್‌ನ ಹೊಟ್ಟೆಯಲ್ಲಿ ಪನ್ನೀರು ಅಡಗಿಸಿದರಂತೆ. ಅಳಿಯ ಕಚ್ಚಿದ್ದೇ ತಡ, ರೇಷ್ಮೆ ಜುಬ್ಬ ಒದ್ದೆ. ಇದನ್ನು ಅಮ್ಮ ಹತ್ತು ಸಲವಾದರೂ ಹೇಳಿಸಿಕೊಂಡಿರಬೇಕು. ಒಂದು ದಿನ "ಒಂದೇ ಒಂದು ಕಣೇ, ರುಚಿ ನೋಡ್ತೀನಿ" ಎಂದಳು. ಬೈದುಬಿಟ್ಟೆ. ಅವಳನ್ನು ಉಳಿಸಿಕೊಳ್ಳುವ ಹಟ ನನಗೆ.

ಅಮ್ಮ ಉಳಿಯಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ, ನೆಂಟರೆಲ್ಲ ಒಳಗಿದ್ದಾಗ, ಆಂಟಿ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದರು.

"ಜೊಲ್‌ಭರಾ, ಮಾ. ನಾನೇ ಮಾಡಿದ್ದು. ನಿಮ್ಮಮ್ಮ ಕೇಳಿದ್ರು. ಇರೋವಾಗ ಮಗಳು ಬಿಡಲ್ಲ, ಹೋದ್ಮೇಲೆ ಎಡೆಗೆ ಇಡ್ಸಿ ಅಂದ್ರು."

ಮೈಯೆಲ್ಲ ಉರಿಯಿತು. ಹೊತ್ತು ಹೊತ್ತಿಗೆ ಇನ್ಸುಲಿನ್ ಕೊಟ್ಟವಳು ನಾನು, ಕೊನೆಯ ಆಸೆ ಹೇಳಿಕೊಂಡದ್ದು ಇವರ ಹತ್ತಿರ! "ಸಕ್ಕರೆನೇ ಅವಳನ್ನ ತಿಂದಿದ್ದು ಆಂಟಿ. ತಗೊಂಡ್ಹೋಗಿ," ಎಂದೆ. ಅವರು ಡಬ್ಬಿ ಸಮೇತ ಮೆಟ್ಟಿಲು ಹತ್ತಿ ಹೋದರು.

ತಾರಸಿಯಲ್ಲಿ ಎಲೆ ಹಾಕಿ ಮುದ್ದೆ, ಸೊಪ್ಪಿನ ಸಾರು, ಸಕ್ಕರೆಯಿಲ್ಲದ ಕಾಫಿ ಇಟ್ಟು ದೂರ ನಿಂತೆವು. ಕಾಗೆಗಳು ಬಂದು ನೀರಿನ ಟ್ಯಾಂಕಿನ ಮೇಲೆ ಕೂತವು. ಒಂದೂ ಕೆಳಗಿಳಿಯಲಿಲ್ಲ.

"ಏನೋ ಆಸೆ ಉಳ್ಕೊಂಡ್ಬಿಟ್ಟಿದೆ, ಅದಕ್ಕೇ ಮುಟ್ತಿಲ್ಲ," ಎಂದರು ದೊಡ್ಡಮ್ಮ. ಮಾವ ಕೈಮುಗಿದು, "ನಿನ್ ಮಗಳನ್ನ ನಾವು ನೋಡ್ಕೋತೀವಿ ಕಣಮ್ಮ, ಮುಟ್ಟು," ಎಂದರು. ಕಾಗೆಗಳು ಕದಲಲಿಲ್ಲ.

"ನಿನ್ ಹತ್ರ ಏನಾದ್ರೂ ಕೇಳಿದ್ಲೇನೇ?" ದೊಡ್ಡಮ್ಮ ನನ್ನ ಕಡೆ ತಿರುಗಿದರು.

ಹತ್ತು ಮೆಟ್ಟಿಲು ಇಳಿದರೆ ಆಂಟಿಯ ಬಾಗಿಲು. ಕೇಳಿದ್ದರೆ ಖಂಡಿತ ಕೊಡುತ್ತಿದ್ದರು. ಆದರೆ ಅವರನ್ನು ಬಾಗಿಲಿಂದಲೇ ಕಳಿಸಿದ್ದು ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ನನಗೆ ನಾಚಿಕೆ.

"ಏನೂ ಕೇಳ್ಲಿಲ್ಲ ದೊಡ್ಡಮ್ಮ," ಎಂದೆ.

ಬಿಸಿಲು ನೆತ್ತಿಗೇರಿದ ಮೇಲೆ ಮಾವ ಎಲೆ ಎತ್ತಿ ಬೀದಿಯ ಹಸುವಿನ ಮುಂದೆ ಇಟ್ಟು ಬಂದರು. ಅಮ್ಮ ಹಸಿದೇ ಹೋದಳು. ನಾನು ಅಳುತ್ತಿದ್ದೆ. ದೊಡ್ಡಮ್ಮ ತಲೆ ಸವರಿ, "ಸುಮ್ನಿರೇ, ನಿನ್ನಷ್ಟು ಚೆನ್ನಾಗಿ ಯಾರ್ ನೋಡ್ಕೋತಿದ್ರು ಅವಳನ್ನ?" ಎಂದರು.