ಮುಖದ ಮೇಲಿನ ಅಲೆ

"ಆ ಹೆಸರು ಎಲ್ಲಿಂದ ಬಂತು, ಮಾಷ್ಟ್ರೇ?"

ಬಂಟ್ವಾಳದಲ್ಲಿ ಪ್ರೆಸ್ಸು ನಡೆಸುತ್ತಿದ್ದ ಮುಂಡಪ್ಪ ಶೆಟ್ಟರ ಈ ಪ್ರಶ್ನೆಗೆ ಮೂಡುಬಿದಿರೆಯ ಭೌತಶಾಸ್ತ್ರದ ಉಪನ್ಯಾಸಕ ಕೃಷ್ಣಕುಮಾರರಲ್ಲಿ ಉತ್ತರವಿರಲಿಲ್ಲ. ಇಲ್ಲವೆಂದರೂ ಶೆಟ್ಟರು ಬಿಡಲಿಲ್ಲ. ಬಸ್‌ಸ್ಟ್ಯಾಂಡ್, ಮದುವೆಮನೆ, ಸಿಕ್ಕಲ್ಲೆಲ್ಲ ಅದೇ ಪ್ರಶ್ನೆ.

ಶುರುವಾದದ್ದು ೧೯೭೯ರಲ್ಲಿ. ತಿಥಿಯ ಕಾರ್ಡು ಮಾಡಿಸಲು ಬರುವ ಊರಿನವರು ಫೋಟೊ ಎಂದು ಕೊಡುತ್ತಿದ್ದದ್ದು ಪೇಪರಿನಿಂದ ಕತ್ತರಿಸಿದ ತುಂಡು. ನರಿಕೊಂಬಿನ ಪರಮೇಶ್ವರಿಯಮ್ಮ ಗಂಡನ ವರ್ಷದ ತಿಥಿಗೆ ತಂದದ್ದೂ ಸಹಕಾರಿ ಸಂಘದ ಸ್ಮರಣ ಸಂಚಿಕೆಯ ಚಿತ್ರ. ಗಂಡನ ಮುಖವೆಂದು ಉಳಿದದ್ದು ಅದೊಂದೇ. ಚಿತ್ರ ಅಚ್ಚೊತ್ತುವ ಲೋಹದ ಬ್ಲಾಕ್ ಮಂಗಳೂರಿನಿಂದ ಬಂತು. ಅಚ್ಚೊತ್ತಿದರೆ ಮುಖದ ತುಂಬ ಅಲೆ.

"ಇವರು ಹೊಳೆಗೆ ಬಿದ್ದು ಸತ್ತದ್ದಲ್ಲ, ಶೆಟ್ರೇ!" ಎಂದರು ಪರಮೇಶ್ವರಿಯಮ್ಮ.

ಎರಡನೆಯ ಬ್ಲಾಕಿನಲ್ಲೂ ಅದೇ ಅಲೆ. ತಿಥಿ ಹತ್ತಿರ ಬಂದಿತ್ತು. ಶೆಟ್ಟರು ಮೂಡುಬಿದಿರೆಗೆ ಹೋಗಿ ಎರಡೂ ಪ್ರತಿಗಳನ್ನು ಕೃಷ್ಣಕುಮಾರರ ಮೇಜಿಗೆ ಎಸೆದರು. "ನಿಮ್ಮ ವಿಜ್ಞಾನ ಇದಕ್ಕೆ ಏನು ಹೇಳ್ತದೆ?"

ಕೃಷ್ಣಕುಮಾರರು ಸೊಳ್ಳೆಪರದೆಯನ್ನು ಎರಡು ಪದರ ಮಾಡಿ ಬೆಳಕಿಗೆ ಹಿಡಿದರು. ಬಟ್ಟೆಯಲ್ಲಿಲ್ಲದ ಅಲೆ ಎದ್ದಿತು. "ಅಚ್ಚಾದ ಚಿತ್ರವೇ ಚುಕ್ಕೆಗಳ ಸಾಲು. ಬ್ಲಾಕಿನವರು ಅದರ ಮೇಲೆ ಇನ್ನೊಂದು ಜಾಲರಿ ಹಿಡೀತಾರೆ. ಎರಡು ಸಾಲು ಕೂಡಿದರೆ ಹೀಗೆ. ಮ್ವಾರೇ ಅಂತ ಹೆಸರು. ಅಲೆ ಹೊಳೆಯುವ ರೇಷ್ಮೆಗೆ ಫ್ರೆಂಚರು ಹೇಳ್ತಿದ್ದ ಶಬ್ದ."

"ಅವರಿಗೆ ಎಲ್ಲಿಂದ ಬಂತು?"

"ಗೊತ್ತಿಲ್ಲ."

"ರೋಗಕ್ಕೆ ಹೆಸರುಂಟು, ಮದ್ದಿಲ್ಲ. ಹೆಸರಿಗೆ ಊರೂ ಇಲ್ಲ. ಒಳ್ಳೇ ವಿದ್ಯೆ ಮಾರಾಯ್ರೆ!"

"ಮದ್ದುಂಟು!" ಕೃಷ್ಣಕುಮಾರರ ಸ್ವರ ಏರಿತು. "ಚಿತ್ರವನ್ನು ಓರೆ ಇಟ್ಟು ತೆಗೆಯಲಿಕ್ಕೆ ಹೇಳಿ. ಬ್ಲಾಕನ್ನು ಆಮೇಲೆ ನೇರ ಕತ್ತರಿಸಿದರಾಯಿತು."

"ಸತ್ತವರನ್ನು ಓರೆ ಮಲಗಿಸುವುದಾ?" ಎಂದು ಗೊಣಗುತ್ತಲೇ ಶೆಟ್ಟರು ಹಾಗೆಯೇ ಮಾಡಿಸಿದರು. ಅಲೆ ಕಣ್ಣಿಗೆ ಸಿಗದಷ್ಟು ಸಣ್ಣದಾಯಿತು. ಪರಮೇಶ್ವರಿಯಮ್ಮ ತುಂಬ ಹೊತ್ತು ನೋಡಿ, "ಹೌದು, ಇವರೇ," ಎಂದರು. ಮತ್ತೆ, "ಕಾರ್ಡು ಯಾಕೆ ಇಷ್ಟು ತೆಳು?"

ಶೆಟ್ಟರು ೧೯೮೬ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಿಥಿಯ ಕಾರ್ಡು ಮೂಡುಬಿದಿರೆಗೆ ಬಂತು. ಪೇಪರಿನ ತುಂಡಿನಿಂದಲೇ ಮಾಡಿಸಿದ್ದು; ಓರೆ ಇಡಲು ಹೇಳುವವರು ಪ್ರೆಸ್ಸಿನಲ್ಲಿ ಇರಲಿಲ್ಲ. ಅಲೆ ತುಂಬಿದ ಆ ಮುಖ ಮತ್ತೆ ಆ ಹೆಸರಿನ ಊರನ್ನೇ ಕೇಳುತ್ತಿರುವಂತೆ ಕಂಡು, ರೇಗಿದ ಕೃಷ್ಣಕುಮಾರರು ಲೈಬ್ರರಿಗೆ ನಡೆದು ಶಬ್ದಮೂಲಗಳ ದಪ್ಪ ನಿಘಂಟನ್ನು ಇಳಿಸಿದರು. ಫ್ರೆಂಚಿಗೆ ಮ್ವಾರೇ ಇಂಗ್ಲಿಷಿನಿಂದ ಬಂದಿತ್ತು, ಇಂಗ್ಲಿಷಿಗೆ ಅರಬ್ಬಿಯಿಂದ: ಮುಖಯ್ಯರ್, ಆಡಿನ ಉಣ್ಣೆಯ ಬಟ್ಟೆ. ರೇಷ್ಮೆಯೂ ಅಲ್ಲ, ಅಲೆಯೂ ಅಲ್ಲ. ಅರಬ್ಬಿಯಲ್ಲಿ ಆ ಶಬ್ದಕ್ಕೆ 'ಆಯ್ದುಕೊಂಡದ್ದು' ಎಂದಷ್ಟೇ ಅರ್ಥ.